ಬಾಯಿಗೆ ಹರಡುವ ಯಕೃತ್ತಿನ ಕ್ಯಾನ್ಸರ್

ಯಕೃತ್ತಿನ ಜೀವಕೋಶಗಳಲ್ಲಿ ಹುಟ್ಟಿದ ಕ್ಯಾನ್ಸರ್ ರಕ್ತನಾಳಗಳ ಮೂಲಕ ಸಾಗಿ, ದವಡೆಯ ಮೂಳೆಯಲ್ಲೋ ಒಸಡಿನಲ್ಲೋ ಬಾಯಿಯ ಬೇರಾವುದಾದರೂ ಮೃದು ಅಂಗಾಂಶದಲ್ಲೋ ನೆಲೆಯೂರಿ ಹೊಸ ಗಡ್ಡೆಯಾಗಿ ಬೆಳೆಯುವ ಸ್ಥಿತಿಯನ್ನು ಯಕೃತ್ತಿನ ಕ್ಯಾನ್ಸರ್‌ನ ಬಾಯಿ ಸ್ಥಾನಾಂತರ ಎಂದು ಕರೆಯುತ್ತಾರೆ. ಬಾಯಿಯಲ್ಲಿ ಕಂಡುಬರುವ ಒಟ್ಟು ಮಾರಕ ಗಡ್ಡೆಗಳಲ್ಲಿ ದೇಹದ ಬೇರೆಡೆಯಿಂದ ಹರಡಿ ಬಂದವುಗಳ ಪಾಲು ಸುಮಾರು ಶೇ. 1 ಮಾತ್ರ, ಯಕೃತ್ತಿನಿಂದ ಬಂದವು ಆ ಪಾಲಿನೊಳಗಿನ ಒಂದು ಸಣ್ಣ ಭಾಗ. ಹೀಗಿದ್ದರೂ ವೈದ್ಯಕೀಯ ಮತ್ತು ದಂತವೈದ್ಯಕೀಯ ಸಾಹಿತ್ಯದಲ್ಲಿ ಈ ಸ್ಥಿತಿಗೆ ಸಂಖ್ಯೆಗೆ ಮೀರಿದ ಗಮನ ದೊರೆತಿರುವುದಕ್ಕೆ ಎರಡು ಕಾರಣಗಳಿವೆ: ಒಸಡಿನ ಸಾಮಾನ್ಯ ಗಂಟಿನಂತೆ ಕಾಣುವ ಈ ಗಡ್ಡೆಯೇ ಕೆಲವರಲ್ಲಿ ಯಕೃತ್ತಿನೊಳಗೆ ಅಡಗಿರುವ ಕ್ಯಾನ್ಸರ್‌ನ ಮೊದಲ ಸುಳಿವಾಗಿರುತ್ತದೆ, ಮತ್ತು ಇದನ್ನು ಗುರುತಿಸದೆ ಕೊಯ್ದರೆ ಹಿಡಿತಕ್ಕೆ ಸಿಗದ ರಕ್ತಸ್ರಾವ ಉಂಟಾಗಬಹುದು.

ಪರಿಭಾಷೆ

ಕ್ಯಾನ್ಸರ್ ಮೊದಲು ಹುಟ್ಟಿದ ಅಂಗದಲ್ಲಿರುವ ಗಡ್ಡೆಯನ್ನು ಪ್ರಾಥಮಿಕ ಗಡ್ಡೆ ಎಂದೂ, ಅಲ್ಲಿಂದ ಬಿಡಿಸಿಕೊಂಡ ಜೀವಕೋಶಗಳು ದೂರದ ಅಂಗದಲ್ಲಿ ಬೆಳೆಸಿದ ಗಡ್ಡೆಯನ್ನು ದ್ವಿತೀಯಕ ಗಡ್ಡೆ ಎಂದೂ, ಹೀಗೆ ಹರಡುವ ಕ್ರಿಯೆಯನ್ನು ಸ್ಥಾನಾಂತರ ಅಥವಾ ಮೆಟಾಸ್ಟಾಸಿಸ್ ಎಂದೂ ಕರೆಯುವುದು ವಾಡಿಕೆ. ದ್ವಿತೀಯಕ ಗಡ್ಡೆ ಯಾವ ಅಂಗದಲ್ಲೇ ಇರಲಿ, ಅದರ ಜೀವಕೋಶಗಳು ತವರು ಅಂಗದ ಗುಣವನ್ನೇ ಉಳಿಸಿಕೊಂಡಿರುತ್ತವೆ. ಆದುದರಿಂದ ಯಕೃತ್ತಿನಿಂದ ಒಸಡಿಗೆ ಬಂದ ಗಡ್ಡೆಯನ್ನು ಬಾಯಿ ಕ್ಯಾನ್ಸರ್ ಎನ್ನಲಾಗದು, ಅದಕ್ಕೆ ಬಾಯಿ ಕ್ಯಾನ್ಸರ್‌ನ ಚಿಕಿತ್ಸೆಯೂ ಹೊಂದುವುದಿಲ್ಲ.

ಯಕೃತ್ತಿನಲ್ಲಿ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಶೇ. 75ರಿಂದ 85ರಷ್ಟು ಹೆಪಟೊಸೆಲ್ಯುಲರ್ ಕಾರ್ಸಿನೋಮಾ ಎಂಬ ಬಗೆಗೆ ಸೇರಿದವು. ಇದು ಹೆಪಟೊಸೈಟ್ ಎಂಬ ಯಕೃತ್ತಿನ ಮುಖ್ಯ ಜೀವಕೋಶದಿಂದ ಬರುತ್ತದೆ. ಪಿತ್ತನಾಳಗಳ ಒಳಪದರದಿಂದ ಹುಟ್ಟುವ ಕೊಲಾಂಜಿಯೋಕಾರ್ಸಿನೋಮಾ ಎರಡನೆಯ ಬಗೆ. ಅದೂ ಬಾಯಿಗೆ ಹರಡಿದ ಉದಾಹರಣೆಗಳು ಇವೆಯಾದರೂ ಇನ್ನೂ ವಿರಳ. ಈ ಲೇಖನದಲ್ಲಿ ಯಕೃತ್ತಿನ ಕ್ಯಾನ್ಸರ್ ಎಂದಾಗಲೆಲ್ಲ ಹೆಪಟೊಸೆಲ್ಯುಲರ್ ಕಾರ್ಸಿನೋಮಾ ಎಂದು ತಿಳಿಯಬೇಕು.

ದವಡೆಯ ಗಡ್ಡೆಯೊಂದನ್ನು ಸ್ಥಾನಾಂತರವೆಂದು ಒಪ್ಪಲು ಕೆಲವು ಕಟ್ಟುಪಾಡುಗಳಿವೆ. ಪ್ರಾಥಮಿಕ ಗಡ್ಡೆ ಎಲ್ಲಿದೆ ಎಂಬುದು ತಿಳಿದಿರಬೇಕು, ಎರಡೂ ಗಡ್ಡೆಗಳು ಸೂಕ್ಷ್ಮದರ್ಶಕದಲ್ಲಿ ಒಂದೇ ಜಾತಿಯವಾಗಿ ಕಾಣಬೇಕು, ಮತ್ತು ಪಕ್ಕದ ಅಂಗಾಂಶದಿಂದ ನೇರವಾಗಿ ಒಳನುಗ್ಗಿ ಬಂದದ್ದಲ್ಲವೆಂದು ಖಚಿತವಾಗಬೇಕು. ಯಕೃತ್ತು ಬಾಯಿಗೆ ದೂರದ ಅಂಗವಾದುದರಿಂದ ಮೂರನೆಯ ನಿಬಂಧನೆ ಇಲ್ಲಿ ತಾನಾಗಿಯೇ ಈಡೇರುತ್ತದೆ.

ಪ್ರಾಥಮಿಕ ರೋಗದ ಹಿನ್ನೆಲೆ

ಜಾಗತಿಕ ಕ್ಯಾನ್ಸರ್ ಅಂದಾಜುಗಳ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಸುಮಾರು 8.65 ಲಕ್ಷ ಮಂದಿಯಲ್ಲಿ ಯಕೃತ್ತಿನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಸುಮಾರು 7.6 ಲಕ್ಷ ಮಂದಿ ಅದರಿಂದ ಸಾವಿಗೀಡಾದರು. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರವಿರುವುದೇ ರೋಗದ ತೀವ್ರತೆಯನ್ನು ತೋರಿಸುತ್ತದೆ. ಚೀನಾ, ಮಂಗೋಲಿಯಾ, ಆಗ್ನೇಯ ಏಷ್ಯಾ ಮತ್ತು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ರೋಗ ಹೆಚ್ಚು. ಗಂಡಸರಲ್ಲಿ ಇದು ಹೆಂಗಸರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚಾಗಿ ಕಂಡುಬರುತ್ತದೆ.

ಬಹುಪಾಲು ರೋಗಿಗಳಲ್ಲಿ ಕ್ಯಾನ್ಸರ್ ಹುಟ್ಟುವುದಕ್ಕೆ ಮುಂಚೆ ಯಕೃತ್ತು ಸಿರೋಸಿಸ್ ಎಂಬ ಸ್ಥಿತಿಗೆ ತಲಪಿರುತ್ತದೆ, ಅಂದರೆ ವರ್ಷಗಟ್ಟಲೆ ನಡೆದ ಉರಿಯೂತದಿಂದ ಅದರ ಮೃದು ಅಂಗಾಂಶ ಗಾಯದ ಕಲೆಯಂತೆ ನಾರುಗಟ್ಟಿ ಗಂಟುಗಂಟಾಗಿರುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳ ದೀರ್ಘಕಾಲದ ಸೋಂಕು, ಮದ್ಯಪಾನ, ಬೊಜ್ಜು ಹಾಗೂ ಸಕ್ಕರೆ ಕಾಯಿಲೆಯೊಡನೆ ಬರುವ ಕೊಬ್ಬುಗಟ್ಟಿದ ಯಕೃತ್ತು ಇದರ ಮುಖ್ಯ ಕಾರಣಗಳು. ಹೆಪಟೈಟಿಸ್ ಬಿ ವೈರಸ್ ಸಿರೋಸಿಸ್‌ನ ಹಂತವಿಲ್ಲದೆಯೂ ಕ್ಯಾನ್ಸರ್ ಉಂಟುಮಾಡಬಲ್ಲದು, ಏಕೆಂದರೆ ಅದು ತನ್ನ ಡಿಎನ್‌ಎಯನ್ನು ಯಕೃತ್ತಿನ ಜೀವಕೋಶದ ಡಿಎನ್‌ಎಗೆ ಸೇರಿಸಿಬಿಡುತ್ತದೆ. ಮುಗ್ಗಲು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಉತ್ಪಾದಿಸುವ ಅಫ್ಲಟಾಕ್ಸಿನ್ ಎಂಬ ವಿಷವೂ ಸಾಬೀತಾದ ಕಾರಣವೇ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಭಾಗದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡ ಅನೇಕರು ಯಕೃತ್ತಿನ ತೀವ್ರ ಹಾನಿಯಿಂದ ಸತ್ತ ಪ್ರಸಂಗ ಭಾರತದಲ್ಲಿ ಈ ವಿಷದತ್ತ ಗಮನ ಸೆಳೆಯಿತು. ಅದು ಕ್ಯಾನ್ಸರ್ ಅಲ್ಲದಿದ್ದರೂ ವಿಷ ಅದೇ.

ಯಕೃತ್ತಿನ ಹೊರಗೆ ಈ ಕ್ಯಾನ್ಸರ್ ಸಾಮಾನ್ಯವಾಗಿ ಹರಡುವುದು ಶ್ವಾಸಕೋಶಗಳಿಗೆ, ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳಿಗೆ, ಮೂಳೆಗಳಿಗೆ ಮತ್ತು ಅಡ್ರೀನಲ್ ಗ್ರಂಥಿಗಳಿಗೆ. ಮೂಳೆಗಳಲ್ಲಿ ಬೆನ್ನೆಲುಬು, ಸೊಂಟ ಮತ್ತು ಪಕ್ಕೆಲುಬುಗಳದೇ ಸಿಂಹಪಾಲು. ದವಡೆಗೆ ಬರುವುದು ಕ್ವಚಿತ್ತಾಗಿ ಮಾತ್ರ. ಯಕೃತ್ತಿನ ಕ್ಯಾನ್ಸರ್ ದವಡೆಗೆ ಹರಡಿದ ವರದಿಗಳು 1950ರ ದಶಕದಿಂದಲೂ ಪ್ರಕಟವಾಗುತ್ತಿವೆ. ಬಾಯಿಯ ಎಲ್ಲ ಬಗೆಯ ಸ್ಥಾನಾಂತರಗಳನ್ನು ಒಟ್ಟಿಗೆ ಪರಿಶೀಲಿಸಿದ ಸಮೀಕ್ಷೆಗಳಲ್ಲಿ ಗಂಡಸರ ಮಟ್ಟಿಗೆ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು ಮತ್ತು ಪ್ರಾಸ್ಟೇಟ್ ಗ್ರಂಥಿ ಮುಖ್ಯ ಮೂಲಗಳೆಂದು ಕಂಡುಬಂದರೆ, ಹೆಂಗಸರಲ್ಲಿ ಸ್ತನ, ಜನನಾಂಗ, ಮೂತ್ರಪಿಂಡ ಮತ್ತು ದೊಡ್ಡ ಕರುಳು ಆ ಸ್ಥಾನದಲ್ಲಿವೆ. ಯಕೃತ್ತಿನ ಕ್ಯಾನ್ಸರ್ ಹೆಚ್ಚಾಗಿರುವ ಪೂರ್ವ ಏಷ್ಯಾದ ದೇಶಗಳಿಂದ ಬಂದ ವರದಿಗಳಲ್ಲಿ ಯಕೃತ್ತಿನ ಪಾಲು ಸಹಜವಾಗಿಯೇ ದೊಡ್ಡದು.

ಬಾಯಿಗೆ ತಲಪುವ ದಾರಿ

ಯಕೃತ್ತಿನ ಕ್ಯಾನ್ಸರ್‌ಗೆ ರಕ್ತನಾಳಗಳ ಗೋಡೆಯನ್ನು ತೂರಿ ಒಳಹೊಗುವ ಸ್ವಭಾವ ಬಲವಾಗಿದೆ. ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಅಭಿಧಮನಿಯನ್ನಾಗಲಿ ಯಕೃತ್ತಿನಿಂದ ಹೊರಡುವ ಅಭಿಧಮನಿಯನ್ನಾಗಲಿ ಗಡ್ಡೆ ಹೊಕ್ಕಾಗ, ಅದರಿಂದ ಕಳಚಿದ ಜೀವಕೋಶಗಳು ರಕ್ತದೊಡನೆ ಹರಿಯತೊಡಗುತ್ತವೆ. ಅವು ಬಾಯಿಯನ್ನು ಸೇರಲು ಎರಡು ದಾರಿಗಳಿವೆಯೆಂದು ತಿಳಿಯಲಾಗಿದೆ.

ಮೊದಲನೆಯದು ಶ್ವಾಸಕೋಶದ ಮೂಲಕ ಹಾಯುವ ದಾರಿ. ಯಕೃತ್ತಿನ ಅಭಿಧಮನಿಯಿಂದ ಕೆಳ ಮಹಾ ಅಭಿಧಮನಿಗೆ, ಅಲ್ಲಿಂದ ಹೃದಯದ ಬಲಭಾಗಕ್ಕೆ, ಮುಂದೆ ಶ್ವಾಸಕೋಶಕ್ಕೆ ಬಂದ ಜೀವಕೋಶಗಳಲ್ಲಿ ಹೆಚ್ಚಿನವು ಅಲ್ಲಿನ ಕೂದಲೆಳೆಗಿಂತ ಸಣ್ಣ ಲೋಮನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿಂದ ಪಾರಾದವು, ಇಲ್ಲವೆ ಅಲ್ಲೇ ಬೆಳೆದ ದ್ವಿತೀಯಕ ಗಡ್ಡೆಯಿಂದ ಮತ್ತೆ ಕಳಚಿದವು, ಹೃದಯದ ಎಡಭಾಗವನ್ನು ಸೇರಿ, ಕೊರಳಿನ ಕೆರೋಟಿಡ್ ಅಪಧಮನಿಯನ್ನೇರಿ, ದವಡೆ ಮತ್ತು ಮುಖದ ಅಪಧಮನಿಗಳ ಕವಲುಗಳಲ್ಲಿ ಹಂಚಿಹೋಗುತ್ತವೆ. ಬಾಯಿಯಲ್ಲಿ ಗಡ್ಡೆಯಿರುವ ಅನೇಕರಲ್ಲಿ ಶ್ವಾಸಕೋಶದಲ್ಲಿಯೂ ಗಡ್ಡೆಗಳಿರುವುದು ಈ ದಾರಿಯನ್ನು ಸಮರ್ಥಿಸುತ್ತದೆ.

ಆದರೆ ಶ್ವಾಸಕೋಶ ಪೂರ್ತಿ ಸ್ವಚ್ಛವಾಗಿದ್ದು ದವಡೆಯಲ್ಲಿ ಮಾತ್ರ ಗಡ್ಡೆ ಕಾಣಿಸಿಕೊಳ್ಳುವ ಉದಾಹರಣೆಗಳೂ ಇವೆ. ಇದಕ್ಕೆ ಕೊಡುವ ವಿವರಣೆ ಬೆನ್ನೆಲುಬಿನ ಸುತ್ತಲಿನ ಅಭಿಧಮನಿಗಳ ಜಾಲವನ್ನು ಆಧರಿಸಿದೆ. ಅಮೆರಿಕದ ಅಂಗರಚನಾಶಾಸ್ತ್ರಜ್ಞ ಆಸ್ಕರ್ ಬ್ಯಾಟ್ಸನ್ 1940ರಲ್ಲಿ ವಿವರಿಸಿದ ಈ ಜಾಲ ಸೊಂಟದಿಂದ ತಲೆಬುರುಡೆಯ ಬುಡದವರೆಗೆ ಹಬ್ಬಿದೆ. ಇದರ ನಾಳಗಳಲ್ಲಿ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳಿಲ್ಲ. ಹೀಗಾಗಿ ಕೆಮ್ಮಿದಾಗ, ತಿಣುಕಿದಾಗ ಅಥವಾ ಹೊಟ್ಟೆಯಲ್ಲಿ ನೀರು ತುಂಬಿ ಒತ್ತಡ ಏರಿದಾಗ ರಕ್ತ ಮೇಲ್ಮುಖವಾಗಿಯೂ ಚಲಿಸಬಲ್ಲದು, ಕ್ಯಾನ್ಸರ್ ಜೀವಕೋಶಗಳು ಹೃದಯವನ್ನೂ ಶ್ವಾಸಕೋಶವನ್ನೂ ಮುಟ್ಟದೆಯೇ ತಲೆಯ ಭಾಗವನ್ನು ತಲಪಬಲ್ಲವು. ಸಿರೋಸಿಸ್ ಇರುವವರಲ್ಲಿ ಪೋರ್ಟಲ್ ಅಭಿಧಮನಿಯ ಒತ್ತಡ ಹೆಚ್ಚಿ ರಕ್ತ ಅಡ್ಡದಾರಿಗಳನ್ನು ಹಿಡಿಯುವುದರಿಂದ ಈ ಸಾಧ್ಯತೆಗೆ ಇನ್ನಷ್ಟು ಅವಕಾಶವಾಗುತ್ತದೆ.

ತಲಪಿದ ಮಾತ್ರಕ್ಕೆ ಗಡ್ಡೆ ಬೆಳೆಯುವುದಿಲ್ಲ. ಸ್ತನದ ಕ್ಯಾನ್ಸರ್ ಕೆಲವೇ ಅಂಗಗಳನ್ನು ಆರಿಸಿಕೊಂಡು ಹರಡುವುದನ್ನು ಗಮನಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಬಿತ್ತನೆಯ ಬೀಜಕ್ಕೆ ಹದವಾದ ನೆಲ ಬೇಕಾಗುವಂತೆ ಕ್ಯಾನ್ಸರ್ ಜೀವಕೋಶಕ್ಕೂ ಒಗ್ಗುವ ಅಂಗಾಂಶ ಬೇಕೆಂದು ವಾದಿಸಿದನು. ರಕ್ತದ ಹರಿವು ಮತ್ತು ನಾಳಗಳ ಜೋಡಣೆಯೇ ಹರಡುವಿಕೆಯನ್ನು ನಿರ್ಧರಿಸುತ್ತದೆ ಎಂಬುದು ಅಮೆರಿಕದ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ 1920ರ ದಶಕದಲ್ಲಿ ಮಂಡಿಸಿದ ಪ್ರತಿವಾದ. ಬಾಯಿಯ ಸ್ಥಾನಾಂತರಗಳನ್ನು ವಿವರಿಸಲು ಎರಡೂ ಬೇಕಾಗುತ್ತವೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ಒಸಡು ಉರಿಯೂತಕ್ಕೊಳಗಾದಾಗ ಅಲ್ಲಿ ಹೊಸ ಲೋಮನಾಳಗಳು ದಟ್ಟವಾಗಿ ಬೆಳೆಯುತ್ತವೆ, ಅವುಗಳ ಗೋಡೆ ತೆಳುವಾಗಿ ಸೋರುವಂತಿರುತ್ತದೆ, ಉರಿಯೂತದಲ್ಲಿ ಸ್ರವಿಸುವ ರಾಸಾಯನಿಕಗಳು ಜೀವಕೋಶಗಳ ಬೆಳವಣಿಗೆಯನ್ನು ಉತ್ತೇಜಿಸುತ್ತವೆ. ಹಲ್ಲಿರುವವರಲ್ಲಿ ಮೃದು ಅಂಗಾಂಶದ ಸ್ಥಾನಾಂತರಗಳು ಬಹುಮಟ್ಟಿಗೆ ಒಸಡಿನಲ್ಲೇ ಕಾಣಿಸಿಕೊಂಡು, ಹಲ್ಲುಗಳೆಲ್ಲ ಬಿದ್ದವರಲ್ಲಿ ಆ ಒಲವು ಮಾಯವಾಗುವುದು ಈ ವಿವರಣೆಗೆ ಸಿಕ್ಕಿರುವ ಗಟ್ಟಿ ಆಧಾರ.

ಬಾಯಿಯಲ್ಲಿನ ನೆಲೆಗಳು

ಒಟ್ಟಾರೆ ಬಾಯಿ ಸ್ಥಾನಾಂತರಗಳಲ್ಲಿ ದವಡೆಯ ಮೂಳೆಗೆ ಬರುವವು ಮೃದು ಅಂಗಾಂಶಕ್ಕೆ ಬರುವವುಗಳ ಸುಮಾರು ಇಮ್ಮಡಿ. ಮೂಳೆಯಲ್ಲಿ ಕೆಳದವಡೆಯ ಹಿಂಭಾಗ, ಅಂದರೆ ದವಡೆಹಲ್ಲುಗಳ ಪ್ರದೇಶ ಮತ್ತು ಅದರ ಹಿಂದಿನ ಏರುಭಾಗ, ಮುಖ್ಯ ನೆಲೆ. ವಯಸ್ಕರ ದವಡೆಯಲ್ಲಿ ರಕ್ತಕಣಗಳನ್ನು ಉತ್ಪಾದಿಸುವ ಕೆಂಪು ಮಜ್ಜೆ ಅಲ್ಪಸ್ವಲ್ಪ ಉಳಿದಿರುವುದು ಅಲ್ಲಿಯೇ. ಅಲ್ಲಿ ರಕ್ತದ ಹರಿವು ನಿಧಾನವಾಗಿರುವುದು ತೇಲಿಬಂದ ಜೀವಕೋಶಗಳು ತಂಗಲು ಅನುಕೂಲ. ಮೃದು ಅಂಗಾಂಶಗಳಲ್ಲಿ ಒಸಡಿನ ನಂತರದ ಸ್ಥಾನ ನಾಲಿಗೆಯದು. ಅಂಗುಳ, ತುಟಿ, ಕೆನ್ನೆಯ ಒಳಪದರ, ಜೊಲ್ಲುಗ್ರಂಥಿ, ಕಿವಿಯ ಮುಂದಿನ ದವಡೆ ಕೀಲು ಇವೆಲ್ಲ ಬಿಡಿ ಉದಾಹರಣೆಗಳಲ್ಲಿ ಕಂಡ ನೆಲೆಗಳು.

ಲಕ್ಷಣಗಳು

ಒಸಡಿನಲ್ಲಿ ನೆಲೆಸಿದ ಗಡ್ಡೆ ಎರಡು ಹಲ್ಲುಗಳ ನಡುವಿನಿಂದ ಮೊಳೆತ ಮಾಂಸದ ಕುಡಿಯಂತೆ ಶುರುವಾಗುತ್ತದೆ. ಕೆಂಪು ಇಲ್ಲವೆ ನೇರಳೆಗೆಂಪು ಬಣ್ಣ, ಮೆತ್ತನೆಯ ಮೈ, ಮುಟ್ಟಿದರೆ ಒಸರುವ ರಕ್ತ, ಮೇಲ್ಭಾಗದಲ್ಲಿ ಕೆಲವೊಮ್ಮೆ ಹುಣ್ಣು. ಈ ರೂಪದಲ್ಲಿ ಅದನ್ನು ಪಯೋಜೆನಿಕ್ ಗ್ರಾನುಲೋಮಾ ಎಂಬ ನಿರಪಾಯಕಾರಿ ಗಂಟಿನಿಂದ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಸಾಧ್ಯವಿಲ್ಲ ಎಂದೇ ಹೇಳಬೇಕು. ವ್ಯತ್ಯಾಸ ತಿಳಿಯುವುದು ಬೆಳವಣಿಗೆಯ ವೇಗದಲ್ಲಿ: ಕೆಲವೇ ವಾರಗಳಲ್ಲಿ ಅದು ಹಲ್ಲುಗಳನ್ನು ಮುಚ್ಚುವಷ್ಟು ದೊಡ್ಡದಾಗಿ, ಬಾಯಿ ಮುಚ್ಚಲೂ ಅಗಿಯಲೂ ಅಡ್ಡಿಯಾಗುತ್ತದೆ.

ಮೂಳೆಯೊಳಗಿನ ಗಡ್ಡೆ ದವಡೆಯ ಊತ, ನೋವು, ಅಕ್ಕಪಕ್ಕದ ಹಲ್ಲುಗಳ ಅಲ್ಲಾಟ ಮತ್ತು ಬಾಯಿ ತೆರೆಯಲಾಗದ ಬಿಗಿತವನ್ನು ತರುತ್ತದೆ. ಕೆಳದವಡೆಯೊಳಗೆ ಹಾದುಹೋಗುವ ನರವನ್ನು ಗಡ್ಡೆ ಒತ್ತಿದಾಗ ಒಂದು ಕಡೆಯ ಕೆಳತುಟಿ ಮತ್ತು ಗದ್ದ ಮರಗಟ್ಟುತ್ತವೆ. ಕ್ಷೌರ ಮಾಡಿಕೊಳ್ಳುವಾಗ ಇಲ್ಲವೆ ಬಿಸಿ ಕಾಫಿ ತುಟಿಗೆ ತಾಗಿದಾಗ ರೋಗಿಗೆ ಇದು ಗಮನಕ್ಕೆ ಬರುವುದುಂಟು. ಹಲ್ಲಿಗೆ ಚುಚ್ಚುಮದ್ದು ಕೊಟ್ಟಿರದೆ, ಪೆಟ್ಟು ಬಿದ್ದಿರದೆ, ಹಲ್ಲಿನ ಕೀವೂ ಇರದೆ ಗದ್ದದ ಸ್ಪರ್ಶಜ್ಞಾನ ಹೋದರೆ ಅದನ್ನು ಬೇರೆಡೆಯ ಮಾರಕ ರೋಗದ ಸೂಚನೆಯೆಂದು ಪರಿಗಣಿಸಿ ತಪಾಸಣೆ ನಡೆಸುವುದು ವೈದ್ಯಕೀಯ ನಿಯಮ.

ಹಲ್ಲು ಕಿತ್ತ ಗುಳಿಯಿಂದ ಗಡ್ಡೆ ಹೊರಹೊಮ್ಮುವುದು ಇನ್ನೊಂದು ವಿಶಿಷ್ಟ ಚಿತ್ರ. ಅಲ್ಲಾಡುವ ಹಲ್ಲನ್ನು ಒಸಡಿನ ರೋಗವೆಂದು ಭಾವಿಸಿ ಕಿತ್ತ ಮೇಲೆ ಗುಳಿ ಮಾಯುವ ಬದಲು ಅದರೊಳಗಿನಿಂದ ಮೆತ್ತನೆಯ ಮಾಂಸ ತುಂಬಿಕೊಂಡು ಬರುತ್ತದೆ. ಹಲವು ರೋಗಿಗಳಲ್ಲಿ ಗಡ್ಡೆ ಮೊದಲೇ ಮೂಳೆಯಲ್ಲಿದ್ದು ಹಲ್ಲನ್ನು ಸಡಿಲಗೊಳಿಸಿರುತ್ತದೆ. ಕೆಲವರಲ್ಲಿ ಹಲ್ಲು ಕಿತ್ತ ಗಾಯವೇ ರಕ್ತದಲ್ಲಿ ತೇಲುತ್ತಿದ್ದ ಜೀವಕೋಶಗಳಿಗೆ ನೆಲೆಯೊದಗಿಸಿರಬಹುದು.

ಬಾಯಿಯ ಸ್ಥಾನಾಂತರಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಷ್ಟು, ಮೂಲ ಕ್ಯಾನ್ಸರ್ ಪತ್ತೆಯಾಗುವುದಕ್ಕೆ ಮೊದಲೇ ಕಾಣಿಸಿಕೊಂಡಂಥವು. ಅಂಥ ರೋಗಿಯಲ್ಲಿ ಹೊಟ್ಟೆಯ ಬಲಭಾಗದ ಭಾರ, ಮೈತೂಕದ ಇಳಿಕೆ, ಕಣ್ಣಿನ ಹಳದಿ, ಕಾಲಿನ ಬಾವು, ಜಲೋದರ ಎನ್ನುವ ಹೊಟ್ಟೆಯ ನೀರು ಇವುಗಳಲ್ಲಿ ಯಾವುದಾದರೂ ಇರಬಹುದು, ಯಾವುದೂ ಇಲ್ಲದಿರಬಹುದು.

ರಕ್ತಸ್ರಾವ

ಈ ರೋಗವನ್ನು ಬಾಯಿಯ ಹೆಚ್ಚಿನ ಇತರ ಗಡ್ಡೆಗಳಿಂದ ಪ್ರತ್ಯೇಕಿಸುವ ಅಂಶವೆಂದರೆ ರಕ್ತಸ್ರಾವದ ಅಪಾಯ. ಇದಕ್ಕೆ ಗಡ್ಡೆ ಒಂದು ಕಡೆಯಿಂದಲೂ ಯಕೃತ್ತು ಇನ್ನೊಂದು ಕಡೆಯಿಂದಲೂ ಕಾರಣವಾಗುತ್ತವೆ. ಹೆಪಟೊಸೆಲ್ಯುಲರ್ ಕಾರ್ಸಿನೋಮಾ ಸ್ವಭಾವತಃ ರಕ್ತನಾಳಗಳಿಂದ ಕಿಕ್ಕಿರಿದ ಗಡ್ಡೆ. ನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ಅಂಶಗಳನ್ನು ಅದು ತಾನೇ ಸ್ರವಿಸುತ್ತದೆ, ಬಾಯಿಗೆ ಬಂದರೂ ಈ ಗುಣ ಬಿಡುವುದಿಲ್ಲ. ಇತ್ತ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಯಕೃತ್ತಿನಲ್ಲೇ ಆದುದರಿಂದ ಸಿರೋಸಿಸ್‌ನಲ್ಲಿ ಅವು ಕಡಿಮೆಯಾಗಿರುತ್ತವೆ. ಪೋರ್ಟಲ್ ಒತ್ತಡದಿಂದ ಊದಿಕೊಂಡ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ರಕ್ತದಲ್ಲಿ ಅವುಗಳ ಸಂಖ್ಯೆಯೂ ಕುಸಿದಿರುತ್ತದೆ. ಹೀಗಾಗಿ ಸಾಧಾರಣ ಒಸಡು ಗಂಟೆಂದು ತಿಳಿದು ದಂತ ಚಿಕಿತ್ಸಾಲಯದ ಕುರ್ಚಿಯಲ್ಲೇ ಕತ್ತರಿಸಿದ ಗಡ್ಡೆ, ಹತ್ತಿಯ ಒತ್ತು ಕೊಟ್ಟರೂ ಹೊಲಿಗೆ ಹಾಕಿದರೂ ನಿಲ್ಲದೆ ರಕ್ತ ಸುರಿಸಿ, ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾದ ಪ್ರಸಂಗಗಳು ದಾಖಲಾಗಿವೆ. ಗಡ್ಡೆಯನ್ನು ಯಾರೂ ಮುಟ್ಟದಿದ್ದರೂ, ಹಲ್ಲುಜ್ಜುವಾಗ ಅಥವಾ ಎದುರು ಹಲ್ಲು ತಾಗಿ ಗೀರಿದಾಗ ಪದೇ ಪದೇ ರಕ್ತ ಹೋಗಿ ರಕ್ತಹೀನತೆಯಾಗುವುದೂ ಉಂಟು.

ಈ ಕಾರಣಕ್ಕೆ ಯಕೃತ್ತಿನ ಕಾಯಿಲೆ, ಕಾಮಾಲೆ, ಹಿಂದಿನ ರಕ್ತ ಪೂರಣ, ಮದ್ಯಪಾನ ಮತ್ತು ಕ್ಯಾನ್ಸರ್ ಚಿಕಿತ್ಸೆಯ ಪೂರ್ವವೃತ್ತಾಂತವನ್ನು ಕೇಳಿಕೊಳ್ಳುವುದು ಕತ್ತಿ ಹಿಡಿಯುವುದಕ್ಕಿಂತ ಮೊದಲಿನ ಹೆಜ್ಜೆ. ಪ್ಲೇಟ್‌ಲೆಟ್ ಎಣಿಕೆ ಮತ್ತು ಹೆಪ್ಪುಗಟ್ಟುವ ಅವಧಿಯ ಪರೀಕ್ಷೆಗಳನ್ನು ಮಾಡಿಸಲಾಗುತ್ತದೆಯಾದರೂ, ಸಿರೋಸಿಸ್‌ನಲ್ಲಿ ರಕ್ತಸ್ರಾವಕ್ಕೆ ಎಡೆಗೊಡುವ ಮತ್ತು ಅದನ್ನು ತಡೆಯುವ ಎರಡೂ ಅಂಶಗಳು ಕುಗ್ಗಿರುವುದರಿಂದ, ಐಎನ್‌ಆರ್ ಎಂಬ, ಹೆಪ್ಪುಗಟ್ಟುವ ಅವಧಿಯ ಸೂಚ್ಯಂಕವೊಂದನ್ನೇ ನೋಡಿ ರಕ್ತಸ್ರಾವದ ಪ್ರಮಾಣವನ್ನು ಮುಂಗಾಣುವುದು ಆಗದು.

ರೋಗನಿರ್ಣಯ

ಹಲ್ಲುಗಳೆಲ್ಲವನ್ನೂ ಒಂದೇ ಫಿಲ್ಮಿನಲ್ಲಿ ತೋರಿಸುವ ಒಪಿಜಿ ಎಕ್ಸ್‌ರೇಯಲ್ಲಿ ಮೂಳೆಯ ಗಡ್ಡೆ ಅಂಚು ಸ್ಪಷ್ಟವಿಲ್ಲದ ಕಪ್ಪು ಪ್ರದೇಶವಾಗಿ, ನುಸಿ ತಿಂದಂತೆ ಕಾಣುತ್ತದೆ. ರೋಗದ ಆರಂಭದಲ್ಲಿ ಎಕ್ಸ್‌ರೇ ಸಹಜವಾಗಿಯೇ ಇರಬಹುದು. ಸಿ.ಟಿ. ಸ್ಕ್ಯಾನ್ ಮೂಳೆಯ ನಾಶವನ್ನೂ, ಎಂಆರ್‌ಐ ಮಜ್ಜೆ ಮತ್ತು ನರಗಳ ಒಳಗೊಳ್ಳುವಿಕೆಯನ್ನೂ ತೋರಿಸುತ್ತವೆ. ರಕ್ತನಾಳಗಳನ್ನು ಎದ್ದು ಕಾಣಿಸುವ ಕಾಂಟ್ರಾಸ್ಟ್ ಔಷಧ ಕೊಟ್ಟು ತೆಗೆದ ಚಿತ್ರದಲ್ಲಿ ಗಡ್ಡೆ ಪ್ರಖರವಾಗಿ ಬೆಳಗಿದರೆ ಅದು ರಕ್ತನಾಳ ತುಂಬಿದ ಗಡ್ಡೆಯೆಂಬ ಎಚ್ಚರಿಕೆ ಸಿಕ್ಕಂತೆ. ಯಕೃತ್ತಿನ ಸಿ.ಟಿ. ಅಥವಾ ಎಂಆರ್‌ಐಯಲ್ಲಿ ಆ ಔಷಧ ಅಪಧಮನಿಗಳಲ್ಲಿ ತುಂಬುವ ಹಂತದಲ್ಲಿ ಗಡ್ಡೆ ಸುತ್ತಲಿನ ಅಂಗಾಂಶಕ್ಕಿಂತ ಹೆಚ್ಚು ಬೆಳಗಿ ಮುಂದಿನ ಹಂತದಲ್ಲಿ ಮಸುಕಾದರೆ, ಸಿರೋಸಿಸ್ ಇರುವ ರೋಗಿಯಲ್ಲಿ ಅಂಗಾಂಶ ಪರೀಕ್ಷೆ ಇಲ್ಲದೆಯೇ ಹೆಪಟೊಸೆಲ್ಯುಲರ್ ಕಾರ್ಸಿನೋಮಾ ಎಂದು ನಿರ್ಧರಿಸಲು ಸಾಧ್ಯ. ಮೈಯಲ್ಲೆಲ್ಲ ಹರಡಿರುವುದನ್ನು ಅರಸಲು, ಗ್ಲೂಕೋಸನ್ನು ಹೆಚ್ಚಾಗಿ ಹೀರುವ ಜಾಗಗಳನ್ನು ತೋರಿಸುವ ಪೆಟ್-ಸಿ.ಟಿ. ಬಳಸುತ್ತಾರೆ, ಆದರೆ ಸಹಜ ಜೀವಕೋಶವನ್ನು ಹೆಚ್ಚು ಹೋಲುವ ಯಕೃತ್ತಿನ ಕ್ಯಾನ್ಸರ್ ಗ್ಲೂಕೋಸನ್ನು ಅಷ್ಟಾಗಿ ಹೀರಿಕೊಳ್ಳದ ಕಾರಣ ಈ ಸ್ಕ್ಯಾನ್‌ನ ಕಣ್ತಪ್ಪಿಸಬಹುದು.

ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಎಂಬ ವಸ್ತುವಿನ ಮಟ್ಟವನ್ನು ಅಳೆಯಲಾಗುತ್ತದೆ. ಭ್ರೂಣದ ಯಕೃತ್ತು ತಯಾರಿಸುವ ಈ ಪ್ರೋಟೀನ್ ಆರೋಗ್ಯವಂತ ವಯಸ್ಕರಲ್ಲಿ ಪ್ರತಿ ಮಿಲಿಲೀಟರಿಗೆ ಸುಮಾರು 10 ನ್ಯಾನೋಗ್ರಾಮಿಗಿಂತ ಕಡಿಮೆ. 400 ನ್ಯಾನೋಗ್ರಾಮಿಗಿಂತ ಮೇಲೇರಿದರೆ ಯಕೃತ್ತಿನ ಕ್ಯಾನ್ಸರ್‌ನ ಸಂದೇಹ ಬಲವಾಗುತ್ತದೆ. ಆದರೆ ಗಣನೀಯ ಸಂಖ್ಯೆಯ ರೋಗಿಗಳಲ್ಲಿ ಇದು ಏರುವುದೇ ಇಲ್ಲ.

ಕೊನೆಯ ತೀರ್ಮಾನ ಅಂಗಾಂಶ ಪರೀಕ್ಷೆಯದು, ಅಂದರೆ ಬಯಾಪ್ಸಿಯದು. ಗಡ್ಡೆಯ ತುಣುಕನ್ನು ತೆಳ್ಳಗೆ ಸೀಳಿ ಬಣ್ಣ ಹಾಕಿ ಗಾಜಿನ ಮೇಲಿಟ್ಟು ನೋಡಿದಾಗ, ಒಸಡಿನ ಚಪ್ಪಟೆ ಜೀವಕೋಶಗಳ ಹೊದಿಕೆಯ ಕೆಳಗೆ, ಅಲ್ಲಿಗೆ ಸಂಬಂಧವೇ ಇಲ್ಲದ ದಪ್ಪ ಬಹುಭುಜಾಕೃತಿಯ ಜೀವಕೋಶಗಳು ಹಲವು ಪದರದ ಪಟ್ಟಿಗಳಾಗಿ ಜೋಡಿಸಿಕೊಂಡಿರುತ್ತವೆ. ಅವುಗಳ ಒಳದ್ರವ್ಯ ಗುಲಾಬಿ ಬಣ್ಣದ ನುಣ್ಣನೆ ಹರಳಿನಂತಿದ್ದು, ದುಂಡನೆಯ ಕೋಶಕೇಂದ್ರದ ನಡುವೆ ಎದ್ದು ಕಾಣುವ ಚುಕ್ಕೆಯಿರುತ್ತದೆ. ಪಟ್ಟಿಗಳ ನಡುವೆ ರಕ್ತ ತುಂಬಿದ ಸಂದುಗಳಿರುತ್ತವೆ. ಅಲ್ಲಲ್ಲಿ ಹಸಿರುಗಂದು ಬಣ್ಣದ ಪಿತ್ತರಸ ಕಂಡರೆ ನಿರ್ಣಯಕ್ಕೆ ಬೇರೆ ಸಾಕ್ಷಿ ಬೇಡ, ಏಕೆಂದರೆ ಪಿತ್ತರಸ ತಯಾರಿಸುವ ಜೀವಕೋಶ ಬಾಯಿಯಲ್ಲಿ ಬೇರಾವುದೂ ಇಲ್ಲ.

ಪಿತ್ತರಸ ಕಾಣದಿದ್ದಾಗ ಇಮ್ಯುನೋಹಿಸ್ಟೋಕೆಮಿಸ್ಟ್ರಿಯ ನೆರವು ಬೇಕಾಗುತ್ತದೆ. ಜೀವಕೋಶದೊಳಗಿನ ನಿರ್ದಿಷ್ಟ ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನು ಬಳಸಿ ಅದಕ್ಕೆ ಬಣ್ಣ ಬರಿಸುವ ವಿಧಾನವಿದು. ಹೆಪ್-ಪಾರ್-1, ಆರ್ಜಿನೇಸ್-1 ಮತ್ತು ಗ್ಲಿಪಿಕನ್-3 ಯಕೃತ್ತಿನ ಮೂಲವನ್ನು ಸೂಚಿಸುವ ಮುಖ್ಯ ಗುರುತುಗಳು. ಸಹಜ ರೂಪ ಕಳೆದುಕೊಂಡ ಗಡ್ಡೆಗಳಲ್ಲಿ ಹೆಪ್-ಪಾರ್-1 ಕೈಕೊಡುವುದರಿಂದ ಆರ್ಜಿನೇಸ್-1 ಹೆಚ್ಚು ಭರವಸೆಯದು. ಯಾವೊಂದು ಗುರುತನ್ನೂ ಒಂಟಿಯಾಗಿ ನಂಬದೆ ಎರಡು ಮೂರನ್ನು ಜೊತೆಗೆ ನೋಡುವುದು ರೂಢಿ.

ಹೋಲುವ ರೋಗಗಳು

ಬರಿಗಣ್ಣಿಗೆ ಹೋಲುವವುಗಳಲ್ಲಿ ಪಯೋಜೆನಿಕ್ ಗ್ರಾನುಲೋಮಾ, ದೈತ್ಯಕೋಶಗಳ ಗ್ರಾನುಲೋಮಾ, ನಾರುಗಂಟು, ರಕ್ತನಾಳದ ಗಂಟು ಮತ್ತು ಒಸಡಿನ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂಬ ಬಾಯಿ ಕ್ಯಾನ್ಸರ್ ಸೇರುತ್ತವೆ. ಸೂಕ್ಷ್ಮದರ್ಶಕದಲ್ಲಿ ತೊಡಕು ಬರುವುದು ಬೇರೆ ಬಗೆಯದು. ಯಕೃತ್ತಿನ ಕ್ಯಾನ್ಸರ್‌ನ ಜೀವಕೋಶಗಳು ಕೊಬ್ಬು ಅಥವಾ ಗ್ಲೈಕೋಜನ್ ತುಂಬಿ ಬೆಳ್ಳಗೆ ಕಂಡಾಗ ಮೂತ್ರಪಿಂಡದ ಕ್ಯಾನ್ಸರ್‌ನ ಸ್ಥಾನಾಂತರವೆಂದೂ, ಗುಲಾಬಿ ಹರಳಿನಂತೆ ಕಂಡಾಗ ಜೊಲ್ಲುಗ್ರಂಥಿಯ ಅಸಿನಿಕ್ ಸೆಲ್ ಅಥವಾ ಆಂಕೋಸೈಟಿಕ್ ಗಡ್ಡೆಯೆಂದೂ ಭ್ರಮೆ ಹುಟ್ಟಿಸುತ್ತವೆ. ಮೂತ್ರಪಿಂಡದ ಕ್ಯಾನ್ಸರ್‌ನಲ್ಲಿ ಪಾಕ್ಸ್-8 ಎಂಬ ಗುರುತು ಸಾಮಾನ್ಯವಾಗಿ ಬಣ್ಣ ಪಡೆಯುತ್ತದೆ, ಯಕೃತ್ತಿನದರಲ್ಲಿ ಪಡೆಯುವುದಿಲ್ಲ. ಮೂತ್ರಪಿಂಡದ್ದೂ ರಕ್ತಸ್ರಾವಕ್ಕೆ ಹೆಸರಾದ ಸ್ಥಾನಾಂತರವೇ ಆದುದರಿಂದ ಇವೆರಡರ ನಡುವಿನ ವಿವೇಚನೆ ಪಾಠಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇನ್ನೊಂದು ಗೊಂದಲ ಚಿಕಿತ್ಸೆಯಿಂದಲೇ ಹುಟ್ಟುತ್ತದೆ. ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ಕೊಡುವ ಜೊಲೆಡ್ರೋನಿಕ್ ಆಮ್ಲ ಮತ್ತು ಡೆನೊಸುಮ್ಯಾಬ್ ಔಷಧಗಳು ಕೆಲವರಲ್ಲಿ ದವಡೆಯ ಮೂಳೆ ಸತ್ತು ಬಾಯಿಯೊಳಗೆ ತೆರೆದುಕೊಳ್ಳುವ ಸ್ಥಿತಿಯನ್ನು ತರುತ್ತವೆ. ಜೊಲೆಡ್ರೋನಿಕ್ ಆಮ್ಲದ ಮಟ್ಟಿಗೆ ಈ ಸಂಬಂಧ ಗಮನಕ್ಕೆ ಬಂದದ್ದು 2003ರಲ್ಲಿ. ಅಂಥ ರೋಗಿಯ ದವಡೆಯ ನೋವು ಮತ್ತು ಹಲ್ಲಿನ ಅಲ್ಲಾಟ ಔಷಧದ ಫಲವೋ ಕ್ಯಾನ್ಸರ್‌ನದೋ ಎಂಬುದನ್ನು ಅಂಗಾಂಶ ಪರೀಕ್ಷೆಯೇ ಹೇಳಬೇಕು, ಮತ್ತು ಕೆಲವೊಮ್ಮೆ ಎರಡೂ ಒಂದೇ ಜಾಗದಲ್ಲಿರುತ್ತವೆ.

ಚಿಕಿತ್ಸೆ

ಯಕೃತ್ತಿನ ಹೊರಗೆ ಹರಡಿದ ಹೆಪಟೊಸೆಲ್ಯುಲರ್ ಕಾರ್ಸಿನೋಮಾವನ್ನು, ರೋಗಿ ತಕ್ಕಮಟ್ಟಿಗೆ ಓಡಾಡಿಕೊಂಡಿದ್ದು ಯಕೃತ್ತು ಕೆಲಸ ಮಾಡುತ್ತಿದ್ದರೆ, ಈ ಕ್ಯಾನ್ಸರ್‌ನ ಹಂತಗಳನ್ನು ವಿಂಗಡಿಸುವ ಬಾರ್ಸಿಲೋನಾ ವರ್ಗೀಕರಣದಲ್ಲಿ ಸಿ ಹಂತವೆಂದು, ಅಂದರೆ ಮುಂದುವರಿದ ಹಂತವೆಂದು ಪರಿಗಣಿಸುತ್ತಾರೆ. ಯಕೃತ್ತಿನ ಕಸಿಗೆ ಈ ಹಂತದಲ್ಲಿ ಅವಕಾಶವಿಲ್ಲ. ಗುಣಪಡಿಸುವುದಕ್ಕಿಂತ ಆಯುಸ್ಸನ್ನು ಹೆಚ್ಚಿಸುವುದು, ನೋವು ಮತ್ತು ರಕ್ತಸ್ರಾವವನ್ನು ತಗ್ಗಿಸುವುದು, ಊಟ ಮಾಡುವ ಶಕ್ತಿಯನ್ನು ಉಳಿಸುವುದು ಚಿಕಿತ್ಸೆಯ ಗುರಿಗಳಾಗುತ್ತವೆ.

ಬಾಯಿಯ ಗಡ್ಡೆಗೆ ವಿಕಿರಣ ಚಿಕಿತ್ಸೆಯನ್ನು ಕಡಿಮೆ ದಿನಗಳಲ್ಲಿ ಮುಗಿಯುವಂತೆ ಕೊಡುತ್ತಾರೆ. ವಿಕಿರಣದ ಅಳತೆಯಾದ ಗ್ರೇ ಲೆಕ್ಕದಲ್ಲಿ, ಒಂದೇ ಬಾರಿಗೆ 8 ಗ್ರೇ ಇಲ್ಲವೆ ಹತ್ತು ಕಂತುಗಳಲ್ಲಿ 30 ಗ್ರೇ ಇಂಥ ರೂಢಿಯ ಪ್ರಮಾಣಗಳು. ಬಾಯಿಯಲ್ಲಿ ಒಂದೇ ಗಡ್ಡೆಯಿದ್ದು ರೋಗಿಯ ಸ್ಥಿತಿ ಚೆನ್ನಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಅದಕ್ಕೆ ಮುಂಚೆ, ಅಥವಾ ರಕ್ತಸ್ರಾವ ನಿಲ್ಲದಿದ್ದಾಗ, ತೊಡೆಸಂದಿಯ ಅಪಧಮನಿಯಿಂದ ಸಣ್ಣ ಕೊಳವೆಯನ್ನು ಕೊರಳಿನವರೆಗೆ ತೂರಿಸಿ ಗಡ್ಡೆಗೆ ರಕ್ತ ಒದಗಿಸುವ ಕವಲನ್ನು ಮುಚ್ಚಿಬಿಡುವ ಎಂಬೋಲೈಸೇಶನ್ ವಿಧಾನವಿದೆ. ಮೇಲ್ಮೈಯ ಒಸರಿಕೆಗೆ ಟ್ರಾನೆಕ್ಸಾಮಿಕ್ ಆಮ್ಲದ ದ್ರಾವಣದಲ್ಲಿ ಬಾಯಿ ಮುಕ್ಕಳಿಸುವುದು, ಅದರಲ್ಲಿ ನೆನೆಸಿದ ಗಾಜ್‌ಬಟ್ಟೆಯನ್ನು ಒತ್ತಿಡುವುದು ಸಹಾಯಕ.

ಇಡೀ ದೇಹಕ್ಕೆ ಕೊಡುವ ಔಷಧಗಳಲ್ಲಿ ಮೊದಲು ಫಲ ತೋರಿದ್ದು ಸೊರಾಫೆನಿಬ್ ಎಂಬ ಮಾತ್ರೆ. 602 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಶಾರ್ಪ್ ಪರೀಕ್ಷೆಯಲ್ಲಿ ಅದನ್ನು ಪಡೆದವರ ಮಧ್ಯಮ ಜೀವಿತಾವಧಿ 10.7 ತಿಂಗಳಾದರೆ, ಹುಸಿಗುಳಿಗೆ ಪಡೆದವರದು 7.9 ತಿಂಗಳು. 2018ರಲ್ಲಿ ಲೆನ್ವಾಟಿನಿಬ್ ಅದಕ್ಕೆ ಕಡಿಮೆಯಿಲ್ಲವೆಂದು ಸಾಬೀತಾಯಿತು. 2020ರಲ್ಲಿ ಪ್ರಕಟವಾದ ಐಎಂಬ್ರೇವ್ 150 ಪರೀಕ್ಷೆ, ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಅಟೆಜೊಲಿಜುಮ್ಯಾಬ್ ಮತ್ತು ರಕ್ತನಾಳಗಳ ಬೆಳವಣಿಗೆ ತಡೆಯುವ ಬೆವಾಸಿಜುಮ್ಯಾಬ್ ಜೋಡಿ ಸೊರಾಫೆನಿಬ್‌ಗಿಂತ ಮೇಲೆಂದು ತೋರಿಸಿತು; ಒಂದು ವರ್ಷದ ನಂತರ ಜೀವಂತವಿದ್ದವರು ಕ್ರಮವಾಗಿ ಶೇ. 67.2 ಮತ್ತು ಶೇ. 54.6. ಬೆವಾಸಿಜುಮ್ಯಾಬ್ ತಾನೇ ರಕ್ತಸ್ರಾವವನ್ನು ಹೆಚ್ಚಿಸಬಲ್ಲ ಔಷಧ. ಬಾಯಿಯಲ್ಲಿ ರಕ್ತ ಒಸರುವ ಗಡ್ಡೆಯಿರುವವರಿಗೆ ಮೊದಲು ಅದನ್ನು ಹತೋಟಿಗೆ ತರದೆ ಕೊಡುವಂತಿಲ್ಲ. ರಕ್ತಸ್ರಾವದ ದೃಷ್ಟಿಯಿಂದ ಟ್ರೆಮೆಲಿಮುಮ್ಯಾಬ್ ಮತ್ತು ಡುರ್ವಾಲುಮ್ಯಾಬ್ ಜೋಡಿ ಇಂಥವರಿಗೆ ಇನ್ನೊಂದು ಆಯ್ಕೆ.

ನೋವು ನಿವಾರಣೆಯಲ್ಲೂ ಯಕೃತ್ತನ್ನು ಮರೆಯುವಂತಿಲ್ಲ. ಹಲ್ಲುನೋವಿಗೆ ಸಾಮಾನ್ಯವಾಗಿ ಬರೆದುಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಂಪಿನ ಮಾತ್ರೆಗಳು ಸಿರೋಸಿಸ್‌ನಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ, ರಕ್ತಸ್ರಾವವನ್ನೂ ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್ ಅನ್ನು ದಿನಕ್ಕೆ 2 ಗ್ರಾಮಿನ ಮಿತಿಯಲ್ಲಿ ಕೊಡಲಾಗುತ್ತದೆ.

ರೋಗದ ಗತಿ

ಬಾಯಿಗೆ ಹರಡಿದ ಹೊತ್ತಿಗೆ ಕ್ಯಾನ್ಸರ್ ಬಹುತೇಕ ಇತರ ಅಂಗಗಳಲ್ಲಿಯೂ ಬೇರೂರಿರುತ್ತದೆ. ಪ್ರಕಟಿತ ವರದಿಗಳ ರೋಗಿಗಳಲ್ಲಿ ಹೆಚ್ಚಿನವರು ಬಾಯಿಯ ಗಡ್ಡೆ ಪತ್ತೆಯಾದ ಒಂದು ವರ್ಷದೊಳಗೆ, ಅನೇಕರು ಕೆಲವೇ ತಿಂಗಳಲ್ಲಿ ತೀರಿಕೊಂಡಿದ್ದಾರೆ. ಸಾವಿಗೆ ಸಾಮಾನ್ಯವಾಗಿ ಬಾಯಿಯ ಗಡ್ಡೆಗಿಂತ ಯಕೃತ್ತಿನ ವೈಫಲ್ಯವೇ ಕಾರಣ. ಈ ವರದಿಗಳಲ್ಲಿ ಹಲವು ಹೊಸ ಔಷಧಗಳು ಬರುವ ಮೊದಲಿನವು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಭಾರತದಲ್ಲಿ ಇಂದಿನ ಸ್ಥಿತಿ

ಭಾರತದಲ್ಲಿ ಬಾಯಿಯ ಗಡ್ಡೆ ಎಂದೊಡನೆ ಹೊಗೆಸೊಪ್ಪು, ಗುಟ್ಕಾ ಮತ್ತು ಅಡಿಕೆಯಿಂದ ಬರುವ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ನೆನಪಾಗುವುದು ಸಹಜ, ಏಕೆಂದರೆ ದೇಶದ ಗಂಡಸರಲ್ಲಿ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಬಾಯಿಯದು ಮುಂಚೂಣಿಯಲ್ಲಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1980ರ ದಶಕದ ಆರಂಭದಿಂದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಜನಸಂಖ್ಯಾಧಾರಿತ ನೋಂದಣಿಯನ್ನು ನಡೆಸಿಕೊಂಡು ಬಂದಿದೆ. ಆದರೆ ಇಂಥ ನೋಂದಣಿಗಳು ಕ್ಯಾನ್ಸರನ್ನು ಅದು ಹುಟ್ಟಿದ ಅಂಗದ ಹೆಸರಿನಲ್ಲಿ ಎಣಿಸುವುದರಿಂದ, ಯಕೃತ್ತಿನಿಂದ ಒಸಡಿಗೆ ಬಂದ ಗಡ್ಡೆ ಯಕೃತ್ತಿನ ಲೆಕ್ಕಕ್ಕೆ ಸೇರಿಹೋಗುತ್ತದೆ. ಹೀಗಾಗಿ ಈ ಸ್ಥಿತಿಯ ತಿಳಿವಳಿಕೆ ಭಾರತದಲ್ಲೂ ಹೊರಗೂ ಬಿಡಿ ರೋಗಿಗಳ ವರದಿಗಳನ್ನೇ ಅವಲಂಬಿಸಿದೆ.

ಪ್ರಾಥಮಿಕ ರೋಗವನ್ನು ತಡೆಯುವ ಸಾಧನಗಳು ಈಗ ಲಭ್ಯ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ದೇಶವ್ಯಾಪಿ ಕಾರ್ಯಕ್ರಮದಡಿ ಕೊಡತೊಡಗಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಸ್ಪಷ್ಟವಾಗಿ ಇಳಿಯಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಈ ಲಸಿಕೆಯನ್ನು ಮೊದಲು ಆಯ್ದ ಪ್ರದೇಶಗಳಲ್ಲಿ, ಬಳಿಕ ಇಡೀ ದೇಶದಲ್ಲಿ ಅಳವಡಿಸಿಕೊಂಡಿದ್ದು, ಈಗ ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸ್, ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವ್ಯಾಲೆಂಟ್ ಲಸಿಕೆಯ ಭಾಗವಾಗಿ ಉಳಿದವು ಸಿಗುತ್ತವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಸೋಂಕಿನ ಪರೀಕ್ಷೆ ಹಾಗೂ ಔಷಧಗಳು ಉಚಿತ. ಈಗಾಗಲೇ ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸುವಂತೆ ತಜ್ಞ ಸಂಘಗಳು ಶಿಫಾರಸು ಮಾಡುತ್ತವೆ. ಈ ತಪಾಸಣೆ ಯಕೃತ್ತಿಗೆ ಸೀಮಿತವಾದದ್ದು; ಬಾಯಿಯ ಪರೀಕ್ಷೆ ಅದರಲ್ಲಿ ಸೇರಿಲ್ಲ.